ತೀರಿಕೊಂಡವರ ಮೊಬೈಲಿಗೆ ಹೋದ ಒಟಿಪಿ: ಸರ್ಕಾರಿ ಜಾಲತಾಣಗಳನ್ನು ರೂಪಿಸುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ದೇಶದೇಶಗಳ ಸರ್ಕಾರಿ ಜಾಲತಾಣಗಳನ್ನು ರೂಪಿಸುವ, ಅವುಗಳಿಗೆ ಹಣ ಮಂಜೂರು ಮಾಡುವ ಹಾಗೂ ಅವು ಸರಿಯಾಗಿವೆಯೆಂದು ಸಹಿ ಹಾಕುವ ಎಲ್ಲ ಅಧಿಕಾರಿಗಳಿಗೆ

ವಿಷಯ: ಸರ್ಕಾರಿ ಜಾಲತಾಣಗಳನ್ನು ಇಲಾಖೆಗಳ ಅನುಕೂಲ ನೋಡಿ ಕಟ್ಟದೆ, ಅರ್ಜಿದಾರರ ಕೆಲಸ ನೋಡಿ ಕಟ್ಟಬೇಕೆಂಬ ಮನವಿ

ಮಾನ್ಯರೇ,

ನನ್ನ ತಂದೆಯವರು ತೀರಿಕೊಂಡ ಮೂರನೆಯ ವಾರದಲ್ಲಿ, ಅವರ ಪಿಂಚಣಿಯನ್ನು ನಿಲ್ಲಿಸಿ ಕುಟುಂಬ ಪಿಂಚಣಿಯನ್ನು ತಾಯಿಯವರ ಹೆಸರಿಗೆ ಮಂಜೂರು ಮಾಡುವಂತೆ ಕೋರಲು ಒಂದು ಸರ್ಕಾರಿ ಜಾಲತಾಣವನ್ನು ತೆರೆದೆ. ಅದು ಯಾವ ಕಚೇರಿಯದೆಂದು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಈ ಪತ್ರ ಆ ಒಂದು ಕಚೇರಿಯ ಮೇಲಿನ ದೂರಾಗಿಬಿಡುತ್ತದೆ, ಉಳಿದವರು ನೆಮ್ಮದಿಯಿಂದ ಇದ್ದುಬಿಡುತ್ತಾರೆ. ಮುಖಪುಟದಲ್ಲಿ ಗಣ್ಯರ ಭಾವಚಿತ್ರಗಳು ಒಂದಾದ ಮೇಲೊಂದು ಸರಿಯುತ್ತಿದ್ದವು. ಅವುಗಳ ಕೆಳಗೆ ಉದ್ಘಾಟನೆಗಳ ಸುದ್ದಿ, ಪಕ್ಕದಲ್ಲಿ ‘ಹೊಸತು’ ಎಂದು ಮಿನುಗುವ ಒಂದು ಪಟ್ಟಿ. ಆ ಪಟ್ಟಿಯ ಮೊದಲ ಸುತ್ತೋಲೆಗೆ ಆಗಲೇ ಎರಡು ವರ್ಷ ತುಂಬಿತ್ತು. ಹುಡುಕುವ ಜಾಗದಲ್ಲಿ ‘ಮರಣ’ ಎಂದು ಬರೆದಾಗ ಸಿಕ್ಕಿದ್ದು, ಸೇವೆಯಲ್ಲಿದ್ದಾಗಲೇ ಮೃತರಾದ ನೌಕರರ ಗಳಿಕೆ ರಜೆಯ ಲೆಕ್ಕ ಹಾಕುವ ಬಗೆಗಿನ ಒಂದು ಆಂತರಿಕ ಟಿಪ್ಪಣಿ. ನನಗೆ ಬೇಕಾದ ನಮೂನೆ ಐದು ಕೊಂಡಿಗಳ ಒಳಗಿತ್ತು, ಅದೂ ಕಾಗದವನ್ನು ಓರೆಯಾಗಿಟ್ಟು ಸ್ಕ್ಯಾನ್ ಮಾಡಿದ ಪಿಡಿಎಫ್ ರೂಪದಲ್ಲಿ. ಅದನ್ನು ಮುದ್ರಿಸಿ, ಕೈಯಲ್ಲಿ ತುಂಬಿ, ಮತ್ತೆ ಸ್ಕ್ಯಾನ್ ಮಾಡಿ, 200 ಕೆಬಿ ಮೀರದಂತೆ ಕುಗ್ಗಿಸಿ ಅಪ್‌ಲೋಡ್ ಮಾಡಬೇಕಿತ್ತು. ಎರಡು ಸಲ ‘ಸೆಷನ್ ಮುಗಿದಿದೆ’ ಎಂದು ಎಲ್ಲವೂ ಅಳಿಸಿಹೋಯಿತು. ಮೂರನೆಯ ಸಲ ಕೊನೆಯ ಗುಂಡಿಯವರೆಗೂ ತಲುಪಿದಾಗ, ‘ನೋಂದಾಯಿತ ಮೊಬೈಲ್ ಸಂಖ್ಯೆಗೆ ಒಟಿಪಿ ಕಳುಹಿಸಲಾಗಿದೆ’ ಎಂಬ ಸಂದೇಶ ಬಂತು. ನೋಂದಾಯಿತ ಸಂಖ್ಯೆ ತಂದೆಯವರದು. ಆ ಸಂಪರ್ಕವನ್ನು ನಾವು ಹಿಂದಿನ ವಾರವಷ್ಟೇ ರದ್ದು ಮಾಡಿಸಿದ್ದೆವು.

ಸಿಟ್ಟು ಇಳಿದ ಮೇಲೂ ಒಂದು ಪ್ರಶ್ನೆ ಉಳಿಯಿತು. ಸಾವು ಎಲ್ಲ ದೇಶಗಳಲ್ಲೂ ಆಗುತ್ತದೆ, ಅದಾದ ಮೇಲೆ ಕಾಗದಪತ್ರಗಳ ಕೆಲಸವೂ ಎಲ್ಲ ಕಡೆ ಇರುತ್ತದೆ. ಹಾಗಾದರೆ ಬೇರೆ ಸರ್ಕಾರಗಳು ಈ ಕೆಲಸವನ್ನು ಪರದೆಯ ಮೇಲೆ ಹೇಗೆ ಮುಂದಿಡುತ್ತವೆ? ಅನಂತರದ ತಿಂಗಳುಗಳಲ್ಲಿ ಬಿಡುವಾದಾಗಲೆಲ್ಲ ಹಲವು ದೇಶಗಳ ತಾಣಗಳನ್ನು ತೆರೆದು, ‘ಮನೆಯಲ್ಲೊಬ್ಬರು ತೀರಿಕೊಂಡಿದ್ದಾರೆ, ನಾನೀಗ ಏನು ಮಾಡಬೇಕು’ ಎಂಬ ಒಂದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದೆ, ಅವುಗಳ ಹಿಂದಿನ ಚರಿತ್ರೆಯನ್ನೂ ಓದಿದೆ. ಕಂಡದ್ದನ್ನು ತಮ್ಮ ಮುಂದಿಡುತ್ತಿದ್ದೇನೆ.

ಬ್ರಿಟನ್ ಸರ್ಕಾರದ ಜಾಲತಾಣವಾದ ಗವ್ ಡಾಟ್ ಯುಕೆ ಈ ಪ್ರಶ್ನೆಗೆ ಹಂತ ಹಂತವಾಗಿ ಉತ್ತರಿಸುತ್ತದೆ: ಮೊದಲು ಸಾವನ್ನು ನೋಂದಾಯಿಸಿ, ಬಳಿಕ ಸರ್ಕಾರಕ್ಕೆ ತಿಳಿಸಿ, ಆಮೇಲೆ ಆಸ್ತಿಪಾಸ್ತಿಯ ವಿಚಾರಕ್ಕೆ ಬನ್ನಿ ಎಂಬ ಕ್ರಮದಲ್ಲಿ. ಎರಡನೆಯ ಹಂತಕ್ಕೆ ‘ಟೆಲ್ ಅಸ್ ಒನ್ಸ್’ ಎಂಬ ಸೇವೆಯಿದೆ, ಅಂದರೆ ‘ನಮಗೆ ಒಂದೇ ಸಲ ತಿಳಿಸಿ’ ಎಂದು. ಸಾವನ್ನು ನೋಂದಾಯಿಸಿದ ಅಧಿಕಾರಿ ಕೊಡುವ ಒಂದು ಸಂಖ್ಯೆಯನ್ನು ಹಿಡಿದು ಒಂದು ಸಲ ವಿವರ ಕೊಟ್ಟರೆ ತೆರಿಗೆ ಇಲಾಖೆ, ಪಿಂಚಣಿ ಇಲಾಖೆ, ಪಾಸ್‌ಪೋರ್ಟ್ ಕಚೇರಿ, ಚಾಲನಾ ಪರವಾನಗಿ ಸಂಸ್ಥೆ, ಸ್ಥಳೀಯ ಆಡಳಿತ ಎಲ್ಲಕ್ಕೂ ಸುದ್ದಿ ಮುಟ್ಟುತ್ತದೆ. ಈ ಸೇವೆ ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡಿಗೆ ಮಾತ್ರ ಉಂಟು, ಉತ್ತರ ಐರ್ಲೆಂಡಿಗೆ ಇಲ್ಲ. ಆದರೂ ದುಃಖದಲ್ಲಿರುವವರು ಐದು ಕಚೇರಿಗಳಿಗೆ ಐದು ಸಲ ಅದೇ ಸುದ್ದಿಯನ್ನು ಹೇಳಬೇಕಾಗಿಲ್ಲ ಎಂಬ ವಿಚಾರ ಯಾವನೋ ಒಬ್ಬ ಅಧಿಕಾರಿಗೆ ಹೊಳೆದಿತ್ತಲ್ಲ, ಅದನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ.

ಆ ತಾಣ ಹಾಗಾದದ್ದು ತಾನಾಗಿಯೇ ಅಲ್ಲ. ಮೊದಲು ಅಲ್ಲಿಯೂ ನಾಗರಿಕರಿಗೆ ‘ಡೈರೆಕ್ಟ್‌ಗವ್’, ವ್ಯಾಪಾರಿಗಳಿಗೆ ‘ಬಿಸಿನೆಸ್ ಲಿಂಕ್’, ಅವುಗಳ ಜೊತೆಗೆ ಪ್ರತಿಯೊಂದು ಸಚಿವಾಲಯಕ್ಕೂ ತನ್ನದೇ ಒಂದು ತಾಣ ಇತ್ತು. 2010ರಲ್ಲಿ ಅಂತರ್ಜಾಲ ಉದ್ಯಮಿ ಮಾರ್ಥಾ ಲೇನ್ ಫಾಕ್ಸ್ ಅವರು ಸರ್ಕಾರಕ್ಕೆ ಕೊಟ್ಟ ವರದಿಯ ಹಿನ್ನೆಲೆಯಲ್ಲಿ 2011ರಲ್ಲಿ ಸರ್ಕಾರಿ ಡಿಜಿಟಲ್ ಸೇವೆ ಎಂಬ ಘಟಕ ಹುಟ್ಟಿತು. 2012ರ ಅಕ್ಟೋಬರ್ 17ರಂದು ಹೊಸ ತಾಣ ಹಳೆಯ ಎರಡರ ಜಾಗಕ್ಕೆ ಬಂತು. ಸಚಿವಾಲಯಗಳು ತಮ್ಮ ತಾಣಗಳನ್ನು ಬಿಟ್ಟುಕೊಟ್ಟು ಒಂದೊಂದಾಗಿ ಅದರೊಳಗೆ ಸೇರಿಕೊಂಡವು. ಆ ಘಟಕ 2012ರಲ್ಲಿ ಪ್ರಕಟಿಸಿದ ವಿನ್ಯಾಸ ತತ್ವಗಳಲ್ಲಿ ಮೊದಲನೆಯದು ‘ಅಗತ್ಯದಿಂದ ಆರಂಭಿಸಿ’ ಎಂಬುದು. ಯಾರ ಅಗತ್ಯ ಎಂಬ ಗೊಂದಲ ಬೇಡವೆಂದು, ಬಳಕೆದಾರರದು, ಸರ್ಕಾರದ್ದಲ್ಲ ಎಂದು ಅಡಿಟಿಪ್ಪಣಿಯನ್ನೂ ಹಾಕಿದ್ದರು. ಅಡಿಟಿಪ್ಪಣಿ ಬೇಕಾಯಿತು ಎನ್ನುವುದರಲ್ಲೇ ಕಚೇರಿಗಳ ಸ್ವಭಾವ ಕಾಣುತ್ತದೆ. ತಾಣದ ಅಕ್ಷರ ವಿನ್ಯಾಸಕ್ಕೂ ಒಂದು ಕಥೆಯಿದೆ: ಜಾಕ್ ಕಿನೀರ್ ಮತ್ತು ಮಾರ್ಗರೆಟ್ ಕಾಲ್ವರ್ಟ್ ಎಂಬ ವಿನ್ಯಾಸಕರು ಬ್ರಿಟನ್ನಿನ ರಸ್ತೆ ಫಲಕಗಳಿಗಾಗಿ ರೂಪಿಸಿದ ಅಕ್ಷರಗಳ ಹೊಸ ರೂಪ ಅದು. ವಾಹನದ ವೇಗದಲ್ಲಿ ಸಾಗುವವರು ಅರೆಕ್ಷಣದಲ್ಲಿ ಓದಿ ತಿರುವು ತೆಗೆದುಕೊಳ್ಳಲೆಂದು ಮಾಡಿದ ಅಕ್ಷರಗಳು ಸರ್ಕಾರಿ ಪುಟಕ್ಕೆ ಸಲ್ಲುತ್ತವೆ ಎಂದು ಯೋಚಿಸಿದವರು ಆ ಪುಟಕ್ಕೆ ಬರುವವರ ಅವಸರವನ್ನು ಬಲ್ಲವರೇ ಇರಬೇಕು.

ಸಿಂಗಾಪುರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2022ರ ಮೇ 29ರಿಂದ ಅಲ್ಲಿ ವೈದ್ಯರು ಸಾವನ್ನು ದೃಢೀಕರಿಸಿದ ಕೂಡಲೇ ಅದು ತನ್ನಷ್ಟಕ್ಕೆ ನೋಂದಣಿಯಾಗುತ್ತದೆ. ಕುಟುಂಬದವರು ಮರಣ ಪ್ರಮಾಣಪತ್ರವನ್ನು ಅಂತರ್ಜಾಲದಿಂದ ಇಳಿಸಿಕೊಂಡರಾಯಿತು. ಆ ಕೆಲಸಕ್ಕೆ ನಮೂನೆಯೇ ಇಲ್ಲ. ತಾಣದ ಅಂದಚೆಂದದ ಚರ್ಚೆಯಲ್ಲಿ ನಾವು ಮರೆಯುವುದು ಇದನ್ನೇ: ತುಂಬಲೇಬೇಕಾಗಿಲ್ಲದ ನಮೂನೆಗಿಂತ ಚೆನ್ನಾದ ನಮೂನೆ ಇಲ್ಲ. ಎಸ್ಟೋನಿಯಾ ಈ ಮಾತನ್ನು ಬಹಳ ಹಿಂದೆಯೇ ಅರಿತುಕೊಂಡಿತ್ತು. 2001ರಲ್ಲಿ ಅಲ್ಲಿ ಆರಂಭವಾದ ಎಕ್ಸ್-ರೋಡ್ ಎಂಬ ವ್ಯವಸ್ಥೆ ಬೇರೆ ಬೇರೆ ಇಲಾಖೆಗಳ ದತ್ತಾಂಶಗಳನ್ನು ಒಂದೇ ಉಗ್ರಾಣಕ್ಕೆ ಸುರಿಯದೆ, ಇದ್ದಲ್ಲಿಯೇ ಇಟ್ಟು, ಬೇಕಾದಾಗ ಒಂದರಿಂದ ಇನ್ನೊಂದು ಕೇಳಿ ಪಡೆಯುವಂತೆ ಮಾಡಿತು. ಸರ್ಕಾರದ ಬಳಿ ಈಗಾಗಲೇ ಇರುವ ಮಾಹಿತಿಯನ್ನು ನಾಗರಿಕರಿಂದ ಮತ್ತೆ ಕೇಳಬಾರದೆಂಬುದು ಅಲ್ಲಿನ ನಿಯಮ. ತನ್ನ ಮಾಹಿತಿಯನ್ನು ಯಾವ ಕಚೇರಿ ಯಾವಾಗ ನೋಡಿತು ಎಂಬುದನ್ನು ನಾಗರಿಕನೇ ತಾಣದಲ್ಲಿ ನೋಡಿಕೊಳ್ಳುವ ಅನುಕೂಲವೂ ಇದೆ. ದತ್ತಾಂಶವನ್ನು ಜೋಡಿಸಲು ಹೊರಟ ಎಲ್ಲ ಸರ್ಕಾರಗಳೂ ಈ ಎರಡನೆಯ ಭಾಗವನ್ನು ನಕಲು ಮಾಡಿದ್ದರೆ ಚೆನ್ನಾಗಿರುತ್ತಿತ್ತು. ಎಸ್ಟೋನಿಯಾಕ್ಕೂ ಪೆಟ್ಟು ಬಿದ್ದಿದೆ: 2017ರಲ್ಲಿ ಗುರುತಿನ ಚೀಟಿಯ ಚಿಪ್ಪಿನಲ್ಲಿ ದೋಷ ಕಂಡುಬಂದು ಸುಮಾರು 7 ಲಕ್ಷ 60 ಸಾವಿರ ಚೀಟಿಗಳು ಅಪಾಯಕ್ಕೊಳಗಾದವು. ಸರ್ಕಾರ ಅದನ್ನು ಬಚ್ಚಿಡದೆ ಹೇಳಿಕೊಂಡಿತು.

ಎಲ್ಲ ದೇಶಗಳೂ ಬ್ರಿಟನ್ನಿನಂತೆ ಒಂದೇ ಮನೆ ಕಟ್ಟಲಾರವು ಎಂಬುದನ್ನು ನಾನು ಒಪ್ಪುತ್ತೇನೆ. ಅಮೆರಿಕದ ಒಕ್ಕೂಟ ಸರ್ಕಾರ 2000ದಲ್ಲಿ ಫಸ್ಟ್‌ಗವ್ ಎಂದು ತೆರೆದು 2007ರಲ್ಲಿ ಯುಎಸ್ಎ ಡಾಟ್ ಗವ್ ಎಂದು ಹೆಸರು ಬದಲಿಸಿದ ತಾಣ, ಬಹುಮಟ್ಟಿಗೆ ದಾರಿ ತೋರುವ ಕೈಕಂಬ. ಮರಣ ಪ್ರಮಾಣಪತ್ರ ಅಲ್ಲಿ ರಾಜ್ಯಗಳ ಕೆಲಸವಾದ್ದರಿಂದ, ಆ ರಾಜ್ಯದ ಕಚೇರಿಗೆ ಹೋಗಿ ಎಂದು ಹೇಳುವುದೇ ಅದು ಮಾಡಬಹುದಾದ ಪ್ರಾಮಾಣಿಕ ಕೆಲಸ. ಜರ್ಮನಿ 2017ರಲ್ಲಿ ಕಾನೂನನ್ನೇ ಮಾಡಿ, 2022ರ ಕೊನೆಯೊಳಗೆ ಆಡಳಿತ ಸೇವೆಗಳನ್ನೆಲ್ಲ ಅಂತರ್ಜಾಲಕ್ಕೆ ತರುವುದಾಗಿ ಹೊರಟು, ಅವುಗಳನ್ನು 575 ಗುಂಪುಗಳಾಗಿ ಪಟ್ಟಿ ಮಾಡಿತು. ಗಡುವು ಮುಗಿದಾಗ ಬಹುಪಾಲು ಬಾಕಿ ಉಳಿದಿತ್ತು. ಒಕ್ಕೂಟ, ರಾಜ್ಯ, ಪುರಸಭೆ ಎಂಬ ಮೂರು ಹಂತಗಳಿರುವಲ್ಲಿ ಒಂದು ಗುಂಡಿ ಇಡುವುದಕ್ಕೂ ನೂರು ಒಪ್ಪಿಗೆ ಬೇಕು. ಭಾರತ 2005ರಲ್ಲಿ ರಾಷ್ಟ್ರೀಯ ಪೋರ್ಟಲ್ ತೆರೆಯಿತು, 2009ರಲ್ಲಿ ಸರ್ಕಾರಿ ಜಾಲತಾಣಗಳಿಗೆ ಮಾರ್ಗಸೂಚಿ ಹೊರಡಿಸಿತು, 2023ರಲ್ಲಿ ಅದರ ಮೂರನೆಯ ಆವೃತ್ತಿಯನ್ನೂ ತಂದಿತು. ಓದಿದರೆ ಮಾರ್ಗಸೂಚಿ ಚೆನ್ನಾಗಿಯೇ ಇದೆ. ಆದರೆ ಮಾರ್ಗಸೂಚಿ ಇರುವ ಎಷ್ಟೋ ದೇಶಗಳಲ್ಲಿ ಪಾಲನೆ ಎಂದರೆ ಪುಟದ ಮೇಲ್ತುದಿಯಲ್ಲಿ ಅಕ್ಷರ ದೊಡ್ಡದು ಮಾಡುವ ಮೂರು ಗುಂಡಿಗಳನ್ನು ಇಡುವುದು ಎಂಬಂತಾಗಿದೆ. ಬ್ರೌಸರಿನಲ್ಲೇ ಇರುವ ಆ ಅನುಕೂಲವನ್ನು ಮತ್ತೆ ಕೊಡುವ ಮುನ್ನ ಸ್ಕ್ಯಾನ್ ಮಾಡಿದ ನಮೂನೆಯ ಅಕ್ಷರಗಳನ್ನು ಯಾವ ಗುಂಡಿ ದೊಡ್ಡದು ಮಾಡುತ್ತದೆ ಎಂದು ಯಾರೂ ಕೇಳುವುದಿಲ್ಲ.

ಹೀಗಾಗಿ ನನ್ನ ದೂರು ಒಂದು ತಾಣವೇ ಅಥವಾ ಹಲವೇ ಎಂಬುದರ ಬಗ್ಗೆ ಅಲ್ಲ. ಪುಟದ ಮೇಲೆ ಯಾರ ನಕ್ಷೆ ಹರಡಿದೆ ಎಂಬುದರ ಬಗ್ಗೆ. ಸಚಿವಾಲಯ, ಅದರ ಕೆಳಗೆ ಇಲಾಖೆ, ಅದರ ಕೆಳಗೆ ನಿರ್ದೇಶನಾಲಯ, ಅದರೊಳಗೆ ‘ಇತರೆ’ ಎಂಬ ಕೊಂಡಿ: ಈ ಏಣಿ ಒಳಗಿನವರಿಗೆ ಬಾಯಿಪಾಠ. ಹೊರಗಿನಿಂದ ಬಂದವನಿಗೆ ತನ್ನ ಕೆಲಸ ಯಾವ ಇಲಾಖೆಯದೆಂದು ಗೊತ್ತಿಲ್ಲದಿರುವುದೇ ಅವನ ಮೊದಲ ಸಮಸ್ಯೆ. ಅದನ್ನು ತಿಳಿದುಕೊಂಡೇ ಒಳಗೆ ಬಾ ಎನ್ನುವ ಮುಖಪುಟ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತದೆ.

ಭಾಷೆಯ ವಿಚಾರಕ್ಕೆ ಬರುತ್ತೇನೆ. ಈ ಪತ್ರ ಕನ್ನಡದಲ್ಲಿದೆ. ತಮ್ಮಲ್ಲಿ ಹೆಚ್ಚಿನವರಿಗೆ ಇದನ್ನು ಓದಲು ಇನ್ನೊಬ್ಬರ ನೆರವು ಬೇಕಾಗಬಹುದು. ತಮ್ಮ ತಾಣಗಳ ಮುಂದೆ ಕೂತ ಎಷ್ಟೋ ಜನರ ನಿತ್ಯದ ಸ್ಥಿತಿಯೂ ಅದೇ. ಕೆನಡಾದ ತಾಣ ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ಸರಿಸಮನಾಗಿ ನಡೆಯುತ್ತದೆ. ಸ್ವಿಟ್ಜರ್ಲೆಂಡಿನ ನಾಗರಿಕ ತಾಣ ಜರ್ಮನ್, ಫ್ರೆಂಚ್, ಇಟಾಲಿಯನ್ ಜೊತೆಗೆ, ಕೆಲವೇ ಹತ್ತಾರು ಸಾವಿರ ಜನರ ಮಾತಾದ ರೊಮಾನ್ಶ್ ಭಾಷೆಯಲ್ಲಿಯೂ ಇದೆ. ಜನ ಕಡಿಮೆ, ಖರ್ಚು ಹೆಚ್ಚು ಎಂಬ ನೆಪವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬೇರೆ ಅನೇಕ ಕಡೆ ಮೇಲಿನ ಪಟ್ಟಿಯನ್ನಷ್ಟೇ ಅನುವಾದಿಸಿ, ಒಳಗಿನ ನಮೂನೆ, ತಪ್ಪಾದಾಗ ಬರುವ ಸಂದೇಶ, ನಿಯಮಗಳ ಪಿಡಿಎಫ್ ಎಲ್ಲವನ್ನೂ ಆಡಳಿತದ ಭಾಷೆಯಲ್ಲಿಯೇ ಬಿಡುತ್ತಾರೆ. ಬಾಗಿಲ ಮೇಲೆ ನಮ್ಮ ಭಾಷೆಯಲ್ಲಿ ಸ್ವಾಗತ ಬರೆದು ಒಳಗೆ ಇನ್ನೊಂದು ಭಾಷೆಯಲ್ಲಿ ವಿಚಾರಣೆ ನಡೆಸಿದಂತೆ ಇದು. ಯಾವ ಭಾಷೆಯೇ ಆಗಲಿ, ಅದು ತಿಳಿಯುವಂತಿರಬೇಕು. ಜರ್ಮನಿಯ ಒಕ್ಕೂಟ ಸರ್ಕಾರದ ತಾಣಗಳು ಮುಖ್ಯ ವಿವರಗಳನ್ನು ‘ಸುಲಭ ಭಾಷೆ’ ಎಂಬ ಸರಳ ರೂಪದಲ್ಲಿಯೂ ಸಂಜ್ಞಾ ಭಾಷೆಯಲ್ಲಿಯೂ ಕೊಡಬೇಕೆಂಬ ನಿಯಮವಿದೆ. ಬ್ರಿಟನ್ನಿನ ಬರವಣಿಗೆಯ ಕೈಪಿಡಿ, ಒಂಬತ್ತು ವರ್ಷದ ಮಗು ಓದಬಲ್ಲಷ್ಟು ಸರಳವಾಗಿ ಬರೆಯಿರಿ, 25 ಪದ ಮೀರಿದ ವಾಕ್ಯವನ್ನು ಒಡೆಯಿರಿ ಎನ್ನುತ್ತದೆ. ನನ್ನ ಈ ಪತ್ರ ಆ ನಿಯಮವನ್ನು ಹಲವು ಸಲ ಮೀರಿದೆ ಎಂಬುದು ನನಗೆ ಗೊತ್ತು. ಆದರೆ ಇದು ಅರ್ಥವಾಗದಿದ್ದರೆ ಯಾರ ಪಿಂಚಣಿಯೂ ನಿಲ್ಲುವುದಿಲ್ಲ.

ನನ್ನ ಸ್ನೇಹಿತರೊಬ್ಬರಿಗೆ ಕಣ್ಣು ಕಾಣಿಸುವುದಿಲ್ಲ. ಅವರು ಸ್ಕ್ರೀನ್ ರೀಡರ್ ಮೂಲಕ ಒಂದು ಸರ್ಕಾರಿ ಪುಟವನ್ನು ಓದಿಸುವಾಗ ಪಕ್ಕದಲ್ಲಿ ಕೂತು ಕೇಳಿದ್ದೇನೆ. ‘ಚಿತ್ರ, ಚಿತ್ರ, ಕೊಂಡಿ: ಇಲ್ಲಿ ಕ್ಲಿಕ್ ಮಾಡಿ, ಕೊಂಡಿ: ಇಲ್ಲಿ ಕ್ಲಿಕ್ ಮಾಡಿ, ಚಿತ್ರ’ ಎಂದು ಯಂತ್ರದ ದನಿ ಸುಮಾರು ಹೊತ್ತು ಹೇಳುತ್ತಲೇ ಇತ್ತು. ಕೊನೆಗೆ ಬಂದದ್ದು, ತಾನು ಮನುಷ್ಯನೆಂದು ಸಾಬೀತುಪಡಿಸಲು ಚಿತ್ರದಲ್ಲಿರುವ ಅಕ್ಷರಗಳನ್ನು ನೋಡಿ ಬರೆಯಬೇಕೆಂಬ ಸೂಚನೆ. ಅವರು ನಕ್ಕು ಲ್ಯಾಪ್‌ಟಾಪ್ ಮುಚ್ಚಿದರು. ಇದನ್ನು ತಪ್ಪಿಸುವ ಮಾನದಂಡಗಳೇನೂ ಹೊಸವಲ್ಲ. ಅಂತರರಾಷ್ಟ್ರೀಯ ಸುಗಮತೆಯ, ಅಂದರೆ ಅಂಗವಿಕಲರೂ ತಾಣಗಳನ್ನು ಬಳಸುವಂತಿರಬೇಕೆಂಬ, ಮಾರ್ಗಸೂಚಿಯ ಮೊದಲ ಆವೃತ್ತಿ ಬಂದದ್ದು 1999ರಲ್ಲಿ, ಎರಡನೆಯದು 2008ರಲ್ಲಿ. ಕೆನಡಾದಲ್ಲಿ ಡೊನ್ನಾ ಜೋಧನ್ ಎಂಬ ದೃಷ್ಟಿರಹಿತ ಮಹಿಳೆ ಸರ್ಕಾರಿ ತಾಣಗಳನ್ನು ತಾನು ಬಳಸಲಾಗುತ್ತಿಲ್ಲವೆಂದು ನ್ಯಾಯಾಲಯಕ್ಕೆ ಹೋಗಿ, ಅದು ಸಮಾನತೆಯ ಹಕ್ಕಿನ ಉಲ್ಲಂಘನೆ ಎಂಬ ತೀರ್ಪನ್ನು 2010ರಲ್ಲಿ ಪಡೆದರು. ಸರ್ಕಾರ ಮೇಲ್ಮನವಿ ಸಲ್ಲಿಸಿತು. 2012ರಲ್ಲಿ ಅಲ್ಲಿಯೂ ತೀರ್ಪಿನ ಮುಖ್ಯ ಭಾಗ ಉಳಿಯಿತು. ಯುರೋಪಿಯನ್ ಒಕ್ಕೂಟದ 2016ರ ನಿರ್ದೇಶನದ ಪ್ರಕಾರ ಸಾರ್ವಜನಿಕ ಸಂಸ್ಥೆಗಳು ತಮ್ಮ ತಾಣದ ಯಾವ ಭಾಗ ಎಲ್ಲರ ಬಳಕೆಗೆ ಎಟುಕುವುದಿಲ್ಲ ಎಂಬುದನ್ನು ತಾವೇ ಹೇಳಿಕೆಯಾಗಿ ಪ್ರಕಟಿಸಬೇಕು, ದೂರು ಹೇಳಲು ದಾರಿಯನ್ನೂ ಕೊಡಬೇಕು. ತನ್ನ ಕೊರತೆಯನ್ನು ತಾನೇ ಬರೆದು ಹಾಕುವ ಈ ಪದ್ಧತಿ, ‘ಈ ತಾಣ ಎಲ್ಲ ಮಾನದಂಡಗಳನ್ನು ಪಾಲಿಸುತ್ತದೆ’ ಎಂಬ ಮುದ್ರೆಗಿಂತ ಎಷ್ಟೋ ಮೇಲು.

ಅವಸರದ ಒಂದು ತಾಂತ್ರಿಕ ನಿರ್ಧಾರ ಎಷ್ಟು ಕಾಲ ಕಾಡಬಹುದು ಎಂಬುದಕ್ಕೆ ದಕ್ಷಿಣ ಕೊರಿಯಾವನ್ನು ನೋಡಬಹುದು. 1990ರ ದಶಕದ ಕೊನೆಯಲ್ಲಿ ಅಲ್ಲಿ ಸ್ವದೇಶಿ ಗೂಢಲಿಪಿಯನ್ನೂ ಅಂತರ್ಜಾಲದಲ್ಲಿ ಗುರುತು ಸಾಬೀತುಪಡಿಸಲು ಸರ್ಕಾರ ಮಾನ್ಯ ಮಾಡಿದ ಡಿಜಿಟಲ್ ಪ್ರಮಾಣಪತ್ರವನ್ನೂ ಜಾರಿಗೆ ತಂದರು. ಆ ಕಾಲಕ್ಕೆ ಅದು ಮುಂದಾಲೋಚನೆಯೇ ಆಗಿತ್ತು. ಆದರೆ ಅದು ಆಕ್ಟಿವ್‌ಎಕ್ಸ್ ಎಂಬ, ಒಂದೇ ಕಂಪನಿಯ ಒಂದೇ ಬ್ರೌಸರಿನಲ್ಲಿ ನಡೆಯುವ ತಂತ್ರಕ್ಕೆ ಅಂಟಿಕೊಂಡಿತು. ಜಗತ್ತು ಮೊಬೈಲಿಗೆ ಬಂದ ಮೇಲೂ ಅಲ್ಲಿನ ಜನ ಬ್ಯಾಂಕು, ತೆರಿಗೆ, ಅರ್ಜಿಗಳಿಗಾಗಿ ಹಳೆಯ ಬ್ರೌಸರನ್ನೇ ಕಾಪಾಡಿಕೊಂಡು ಬರಬೇಕಾಯಿತು. ಆ ಪ್ರಮಾಣಪತ್ರದ ವಿಶೇಷ ಸ್ಥಾನ ಕಾನೂನಿನಿಂದ ಹೋದದ್ದು 2020ರ ಡಿಸೆಂಬರಿನಲ್ಲಿ. ‘ಈ ತಾಣ ಇಂಥ ಬ್ರೌಸರಿನಲ್ಲಿ ಚೆನ್ನಾಗಿ ಕಾಣುತ್ತದೆ’ ಎಂದು ಪುಟದ ಅಡಿಯಲ್ಲಿ ಇನ್ನೂ ಬರೆಯುವವರು ಇದನ್ನು ನೆನಪಿಡುವುದು ಒಳ್ಳೆಯದು.

ಸೋಲುಗಳ ಬಗ್ಗೆಯೂ ಹೇಳಬೇಕು. ಅಮೆರಿಕದ ಆರೋಗ್ಯ ವಿಮೆಯ ತಾಣ 2013ರ ಅಕ್ಟೋಬರ್ 1ರಂದು ತೆರೆದಾಗ ಮೊದಲ ದಿನ ನೋಂದಣಿ ಪೂರೈಸಿದವರು 6 ಜನ. ವಿಮಾ ಯೋಜನೆಗಳನ್ನು ನೋಡುವುದಕ್ಕೆ ಮೊದಲೇ ಎಲ್ಲರೂ ಖಾತೆ ತೆರೆಯಬೇಕೆಂಬ ವಿನ್ಯಾಸ, ಹಲವು ಗುತ್ತಿಗೆದಾರರು, ಮೊದಲಿನಿಂದ ಕೊನೆಯವರೆಗೆ ಒಟ್ಟಾಗಿ ನಡೆಯದ ಪರೀಕ್ಷೆ, ಎಲ್ಲಕ್ಕೂ ಹೊಣೆ ಹೊರುವ ಒಬ್ಬರು ಇಲ್ಲದಿದ್ದದ್ದು: ಕಾರಣಗಳನ್ನು ಅಲ್ಲಿನ ತನಿಖೆಗಳೇ ಹೊರಗಿಟ್ಟವು. ಬ್ರಿಟನ್ನಿನ ‘ವೆರಿಫೈ’ ಎಂಬ ಗುರುತು ದೃಢೀಕರಣ ಸೇವೆ 2020ರೊಳಗೆ 2.5 ಕೋಟಿ ಬಳಕೆದಾರರ ಗುರಿ ಇಟ್ಟುಕೊಂಡು, 2019ರ ಫೆಬ್ರವರಿಯಲ್ಲಿ 36 ಲಕ್ಷದಲ್ಲಿತ್ತು, ಕೊನೆಗೆ ಮುಚ್ಚಿಹೋಯಿತು. ಈ ಅಂಕಿಗಳು ನನ್ನಂಥವನಿಗೂ ಸಿಗುತ್ತವೆ ಎಂಬುದೇ ಆ ವ್ಯವಸ್ಥೆಗಳ ಗುಣ. ಫ್ರಾನ್ಸ್ ಹೆಚ್ಚು ಬಳಕೆಯಲ್ಲಿರುವ ತನ್ನ ಆನ್‌ಲೈನ್ ಸೇವೆಗಳ ಬಗ್ಗೆ ಬಳಕೆದಾರರು ಕೊಟ್ಟ ಅಂಕಗಳನ್ನು, ಒಳ್ಳೆಯದಿರಲಿ ಕೆಟ್ಟದಿರಲಿ, ಪ್ರಕಟಿಸುತ್ತದೆ. ನಾನು ಎಡವಿದ ತಾಣದಲ್ಲಿ ಇದ್ದದ್ದು ಸಂದರ್ಶಕರ ಸಂಖ್ಯೆ ಮಾತ್ರ. ಅದರಲ್ಲಿ ನಾನೇ ಹನ್ನೆರಡು ಸಲ ಎಣಿಕೆಯಾಗಿರಬೇಕು.

ಇನ್ನು ಡೆನ್ಮಾರ್ಕ್. ವಿಶ್ವಸಂಸ್ಥೆಯ ಇ-ಆಡಳಿತ ಸಮೀಕ್ಷೆಯಲ್ಲಿ 2018, 2020, 2022 ಮತ್ತು 2024ರಲ್ಲಿ ಮೊದಲ ಸ್ಥಾನ ಅದರದು. ಸರ್ಕಾರದ ಪತ್ರಗಳನ್ನು ಡಿಜಿಟಲ್ ಅಂಚೆಯಲ್ಲೇ ಪಡೆಯಬೇಕೆಂಬುದು 2014ರ ನವೆಂಬರಿನಿಂದ ಅಲ್ಲಿ ಕಡ್ಡಾಯ; ಆಗದವರಿಗೆ ವಿನಾಯಿತಿಯನ್ನೂ ಇಟ್ಟಿದ್ದಾರೆ. ಆ ಪಟ್ಟಿಯ ತುದಿಗೇರುವ ಆಸೆಯಿರುವವರು ಕಡ್ಡಾಯವನ್ನು ಮಾತ್ರ ನಕಲು ಮಾಡಿ ವಿನಾಯಿತಿಯನ್ನು ಮರೆಯುತ್ತಾರೆ ಎಂಬುದು ನನ್ನ ಆತಂಕ. ಫ್ರಾನ್ಸಿನಲ್ಲಿ ತಾಣಗಳ ಜೊತೆಗೆ ‘ಫ್ರಾನ್ಸ್ ಸರ್ವಿಸ್’ ಎಂಬ ಕೇಂದ್ರಗಳಿವೆ; ಅಲ್ಲಿ ಸಿಬ್ಬಂದಿ ಪಕ್ಕದಲ್ಲಿ ಕೂತು ಅರ್ಜಿ ತುಂಬಲು ನೆರವಾಗುತ್ತಾರೆ. ನನ್ನ ತಾಯಿಯಂಥವರಿಗೆ ಬೇಕಾದದ್ದು ಅದು.

ಆದುದರಿಂದ ಮಾನ್ಯರಲ್ಲಿ ನನ್ನ ಕೋರಿಕೆಗಳು ಹೀಗಿವೆ. ಮುಖಪುಟದಿಂದ ಭಾವಚಿತ್ರಗಳನ್ನೂ ಉದ್ಘಾಟನೆಗಳನ್ನೂ ಬೇರೆಡೆಗೆ ಸರಿಸಿ, ಜನ ಹೆಚ್ಚಾಗಿ ಹುಡುಕಿಕೊಂಡು ಬರುವ ಕೆಲಸಗಳನ್ನು ಅವರ ಮಾತಿನಲ್ಲಿಯೇ ಅಲ್ಲಿ ಇಡಿ. ಹುಟ್ಟು, ಮದುವೆ, ಊರು ಬದಲಾವಣೆ, ಸಾವು ಇವುಗಳಿಗೆ ಇಲಾಖೆಗಳ ಗಡಿ ದಾಟಿದ ಒಂದೊಂದು ಪುಟವಿರಲಿ. ತುಂಬಿದ್ದು ಅಳಿಸಿಹೋಗದಂತೆ ನಮೂನೆ ತಾನೇ ಉಳಿಸಿಕೊಳ್ಳಲಿ, ಸಮಯ ಮುಗಿಯುವ ಮುನ್ನ ಎಚ್ಚರಿಸಲಿ. ಸ್ಕ್ಯಾನ್ ಮಾಡಿದ ನಮೂನೆಗಳನ್ನು ಪೂರ್ತಿಯಾಗಿ ಕೈಬಿಡಿ. ಎಷ್ಟು ಜನ ಅರ್ಜಿ ಆರಂಭಿಸಿ ಯಾವ ಹಂತದಲ್ಲಿ ಬಿಟ್ಟುಹೋದರು ಎಂಬುದನ್ನು ಪ್ರತಿ ತಿಂಗಳೂ ಪ್ರಕಟಿಸಿ.

ಬ್ರಿಟನ್ನಿನ ಹಿಂದಿನ ಸೇವಾ ಮಾನದಂಡದಲ್ಲಿ ಒಂದು ಅಂಶವಿತ್ತು: ಸೇವೆಯನ್ನು ಜನರಿಗೆ ತೆರೆಯುವ ಮೊದಲು ಅದಕ್ಕೆ ಹೊಣೆಯಾದ ಸಚಿವರೊಂದಿಗೆ ಅದನ್ನು ಮೊದಲಿನಿಂದ ಕೊನೆಯವರೆಗೆ ಪರೀಕ್ಷಿಸಬೇಕು. ಇದೊಂದನ್ನಾದರೂ ಎಲ್ಲ ಸರ್ಕಾರಗಳೂ ಎರವಲು ಪಡೆಯಬೇಕೆಂದು ವಿಶೇಷವಾಗಿ ಕೋರುತ್ತೇನೆ. ಆ ಪರೀಕ್ಷೆ ಕಚೇರಿಯ ದೊಡ್ಡ ಪರದೆಯ ಮೇಲೆ ಆಪ್ತ ಸಹಾಯಕರ ನೆರವಿನಿಂದ ಆಗಬಾರದು. ಹಳೆಯ ಫೋನಿನಲ್ಲಿ, ನಿಧಾನದ ಸಂಪರ್ಕದಲ್ಲಿ, ಸಚಿವರು ಒಬ್ಬರೇ ಕೂತು, ತಮ್ಮ ಕೈಯಿಂದಲೇ ಆಗಬೇಕು.

ಕೊನೆಯದಾಗಿ, ಖಾತೆದಾರರು ತೀರಿಕೊಂಡಿದ್ದಾರೆ ಎಂದು ತಿಳಿಸುವ ಅರ್ಜಿಯನ್ನು ದೃಢೀಕರಿಸಲು ಅವರದೇ ಮೊಬೈಲಿಗೆ ಒಟಿಪಿ ಕಳುಹಿಸುವ ಪದ್ಧತಿ ತಮ್ಮ ತಾಣದಲ್ಲಿಯೂ ಇದೆಯೇ ಎಂದು ದಯವಿಟ್ಟು ಇಂದೇ ನೋಡಿಸಿ, ಇದ್ದರೆ ವಾರಸುದಾರರ ಸಂಖ್ಯೆಯಿಂದ ಮುಂದುವರಿಯಲು ಒಂದು ದಾರಿ ಮಾಡಿಸಿ. ನಾನು ಕಡೆಗೆ ಕಚೇರಿಗೇ ಹೋಗಿ ಕೊಟ್ಟು ಬಂದ ಅರ್ಜಿಯ ಸ್ಥಿತಿ ಆ ತಾಣದಲ್ಲಿ ‘ಅರ್ಜಿದಾರರ ದೃಢೀಕರಣಕ್ಕಾಗಿ ಕಾಯಲಾಗುತ್ತಿದೆ’ ಎಂದೇ ಇದೆ, ಅರ್ಜಿದಾರರ ಹೆಸರಿನ ಮುಂದೆ ಇನ್ನೂ ತಂದೆಯವರ ಹೆಸರಿದೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಅರ್ಜಿದಾರ